ಮೂಲಂಗಿ ಹೊಲದ ಹೆಬ್ಬಾಗಿಲು

ಅಕ್ಟೋಬರ್ ೨೮, ಬೆಳಿಗ್ಗೆ

ಹೆಂಡತಿ ಕಿನುಯೆಯ ಫೋಟೋ ಮುಂದೆ ಅನ್ನ, ಚಹಾ ಇಟ್ಟಾಯಿತು. ಅನ್ನ ಇವತ್ತೂ ಮುದ್ದೆ. ಇದ್ದಿದ್ದರೆ ಬೈಯುತ್ತಿದ್ದಳು.

ಇತಿಹಾಸ ಸಂಘದಿಂದ ಅವಳ ಹೆಸರಿಗೇ ಕಾರ್ಡು — ಅವಳು ಹೋದ ಸುದ್ದಿ ಅವರಿಗೆ ತಲುಪಿಲ್ಲ. ಸಾಮುರಾಯ್ ಯೋಧರ ಕೋಟೆಮನೆಯ ಜಾಗ ನೋಡಲು ಬನ್ನಿ ಅಂತ. ಹನ್ನೊಂದು ವರ್ಷ ಒಬ್ಬಳೇ ಹೋದಳು. ಪ್ರತಿ ಸಲ ನನ್ನನ್ನೂ ಕರೆದಳು. ಏಳುನೂರು ವರ್ಷದ ಹಿಂದಿನ ಮನೆ, ಒಂದು ಕಂಬವೂ ಉಳಿದಿಲ್ಲ. "ನಥಿಂಗ್ ಟು ಸೀ" ಅನ್ನುತ್ತಿದ್ದೆ. ಕಾಲೇಜಿನ ಇಂಗ್ಲಿಷಿನಲ್ಲಿ ನೆನಪಿದ್ದದ್ದೇ ಅಷ್ಟು... ಅದೂ ಅವಳ ಮೇಲೆ ಪ್ರಯೋಗ.

ನವೆಂಬರ್ ೩

ಹೋದೆ. ಒಬ್ಬನೇ. ಬಸ್ಸಿಳಿದು ಅರ್ಧ ಗಂಟೆ ನಡಿಗೆ, ಮಂಡಿ ಅತ್ತಿತು. ಬಿದಿರು ಬೆಳೆದ ಮಣ್ಣಿನ ದಿಬ್ಬ, ಹೂತುಹೋದ ಕಂದಕ, ಉಳಿದದ್ದೆಲ್ಲ ಮೂಲಂಗಿ. ಸಾಲು ದಾಟಿ ಕಾಲಿಟ್ಟೆ.

"ಓಯ್ ದೊಡ್ಡವರೇ! ಕಳ್ಳರ ಹಾಗೆ ಗೋಡೆ ಹಾರ್ತೀರಲ್ರೀ! ಬಾಗಿಲು ಆ ಕಡೆ!"

ಹೊಲದೊಡತಿ ಇಸೊಗಾಯಿ. ನನ್ನದೇ ವಯಸ್ಸು.

"ಎಲ್ಲಿದೆಯಮ್ಮ ಬಾಗಿಲು?"

ಗುದ್ದಲಿ ಎತ್ತಿ ತೋರಿಸಿದಳು. ಮೂಲಂಗಿ ಸಾಲಿನ ನಡುವೆ ಎರಡು ಮಾರು ಖಾಲಿ.

"ಪ್ರತಿ ವರ್ಷ ಒಬ್ರು ಬರ್ತಾರೆ, ನೀಲಿ ಟೋಪಿ ಅಮ್ಮ. ಹೆಬ್ಬಾಗಿಲು ಇಲ್ಲೇ ಇತ್ತು ಅಂತ ಬಗ್ಗಿ ನಮಸ್ಕಾರ ಮಾಡಿ ಒಳಗ್ ಹೋಗ್ತಾರೆ. ನಮಸ್ಕಾರ ಮಾಡೋ ಜಾಗಕ್ಕೆ ಬೀಜ ಹಾಕೋದು ಹೇಗೆ? ಬಿಟ್ಟಿದೀನಿ. ಮುಂದಿನ್ ಸಲ ಮನೆಯವ್ರನ್ನೂ ಕರ್ಕೊಂಡ್ ಬರ್ತೀನಿ ಅಂತಾರೆ. ಹನ್ನೊಂದ್ ವರ್ಷದಿಂದ ಅದೇ ಮಾತು! ಗಂಡ ಅನ್ನೋನು ಇದ್ದಾನೋ ಇಲ್ವೋ!"

ನಕ್ಕಳು. ನಾನೂ ನಕ್ಕೆ. ಆ ಗಂಡ ನಾನೇ ಅನ್ನಲಿಲ್ಲ. ಬಾಗಿಲವರೆಗೂ ಹೋಗಲಿಲ್ಲ.

ನವೆಂಬರ್ ೪

ಹೇಡಿ.

ನವೆಂಬರ್ ೧೯

ಮಳೆ, ಮಂಡಿ, ನೆಪ. ಅಂತೂ ಇವತ್ತು ಹೋದೆ, ಅವಳ ನೀಲಿ ಟೋಪಿ ಚೀಲದಲ್ಲಿಟ್ಟುಕೊಂಡು. ಹೊಲ ಬರಿದು. ಮೂಲಂಗಿ ಕಿತ್ತು ಒಣಗಲು ತೂಗುಹಾಕಿದ್ದಾರೆ. ಬಾಗಿಲೂ ಹೋಯಿತು ಅಂದುಕೊಂಡೆ... ಇಲ್ಲ. ಎರಡೇ ಎರಡು ಮೂಲಂಗಿ ನಿಂತಿದ್ದವು, ನಡುವೆ ಎರಡು ಮಾರು.

"ಆ ಅಮ್ಮ ಇನ್ನೂ ಬಂದಿಲ್ಲ, ಅದಕ್ಕೇ ಬಿಟ್ಟಿದೀನಿ," ಅಂದಳು ಇಸೊಗಾಯಿ.

ಚೀಲದಿಂದ ಟೋಪಿ ತೆಗೆದೆ. "ಮಾರ್ಚ್‌ನಲ್ಲಿ ಹೋಗ್ಬಿಟ್ಲಮ್ಮ. ಅವಳ ಗಂಡ ನಾನೇ."

ಆಕೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ದಾರಿ ಬಿಟ್ಟು ಸರಿದು, "ಹೋಗಿ. ಬಾಗಿಲು ತೆಗೆದೇ ಇದೆ."

ಬಗ್ಗಿದೆ. ಒಳಗೆ ಹೋದೆ. ಮಣ್ಣು, ದಿಬ್ಬ, ಬಿದಿರು. "ಬಂದೆ ಕಣೇ," ಅಂದೆ, ಜೋರಾಗಿಯೇ.

ಇಲ್ಲಿ ನಿಂತು ಏನು ನೋಡುತ್ತಿದ್ದಳೋ, ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ —