ಹತ್ತಿ ತುಂಬಿದ ಬೆಕ್ಕು

ಅಕ್ಕಾ,

ಕೆಮ್ಮು ಇಳಿದಿದೆ, ಅಮ್ಮನಿಗೆ ಹೇಳು. ಎರಡು ಜೊತೆ ಉಣ್ಣೆ ಕಾಲುಚೀಲ ಕಳಿಸು.

ಈ ದ್ವೀಪದ ಹಕ್ಕಿಗೆ ಹಾರಲು ಬಾರದು. ಹಿಡಿದು ತಿನ್ನುವ ಪ್ರಾಣಿಯೇ ಇಲ್ಲದ ನೆಲದಲ್ಲಿ ಸಾವಿರಾರು ತಲೆಮಾರು ಬಾಳಿ ಅದರ ರೆಕ್ಕೆ ಮೋಟಾಗಿದೆ, ಹೆದರಿಕೆಯೂ ಅಳಿಸಿಹೋಗಿದೆ. ಈಗ ಹಡಗುಗಳಿಂದ ಇಳಿದ ಬೆಕ್ಕುಗಳು ಈ ಹಕ್ಕಿಗಳನ್ನು ಮುಗಿಸುತ್ತಿವೆ. ಮರಿಗಳಿಗೆ ಹೆದರುವುದನ್ನು ಕಲಿಸುವುದೇ ನನ್ನ ಕೆಲಸ. ಹತ್ತಿ ತುಂಬಿದ ಬೆಕ್ಕನ್ನು ಹಗ್ಗ ಕಟ್ಟಿ ಎಳೆಯುತ್ತ ತಗಡು ಬಡಿಯುತ್ತೇನೆ. ಎಲ್ಲರೂ ನನ್ನನ್ನು ಗುಮ್ಮ ಎನ್ನುತ್ತಾರೆ. ಮೊದಲ ದಿನ ಒಂದು ಮರಿ ಆ ಬೆಕ್ಕಿನ ಹೊಟ್ಟೆಗೇ ಒರಗಿ ನಿದ್ದೆ ಹೋಗಿತ್ತು.

ಅದೇ ಮರಿ ದಿನಾ ನನ್ನ ಕೋಣೆಗೆ ಬಂದು ಪಾದದ ಮೇಲೆ ಕೂರುತ್ತಿತ್ತು. ಇವತ್ತು ನನ್ನನ್ನು ಕಂಡೊಡನೆ ಕಿರುಚಿ ಪೊದೆಯೊಳಗೆ ನುಗ್ಗಿತು. ನನ್ನ ಕೈಯಲ್ಲಿ ಬೆಕ್ಕೂ ಇರಲಿಲ್ಲ, ತಗಡೂ ಇರಲಿಲ್ಲ.

"ಪಾಸಾಯ್ತು ಬಿಡಪ್ಪ, ಇನ್ನು ಬದುಕ್ಕೊಳ್ಳುತ್ತೆ," ಎಂದು ಹಕ್ಕಿ ಡಾಕ್ಟರು ಬೆನ್ನು ತಟ್ಟಿದರು. ನನಗೆ ಊಟ ಸೇರಲಿಲ್ಲ.

ನಿನ್ನ ಮಗಳು ಪುಟ್ಟಿ ಯಾರು ಕರೆದರೂ ಹೋಗುತ್ತಾಳೆಂದು "ಗುಮ್ಮ ಬರ್ತಾನೆ" ಅಂತ ಹೆದರಿಸುತ್ತೀಯಲ್ಲ, ನಾನು ಬರುವ ತನಕ ಅದನ್ನು ನಿಲ್ಲಿಸು. ಅವಳು ಒಮ್ಮೆಯಾದರೂ ಓಡಿ ಬಂದು ನನ್ನ ಕಾಲು ತಬ್ಬಲಿ.

ಕಾರ್ಡು ತುಂಬಿತು.
ನಿನ್ನ ತಮ್ಮ