ಸೊಸೆಗೆಂದು ಉಳಿಸಿದ ಹಲಸು

ಜುಲೈ 3, ಬುಧವಾರ
ಮತ್ತೆ ಸೌದೆ ಒಲೆ ಮುಂದೆ. ಕೈ ಸ್ವಿಚ್ ಹುಡುಕುತ್ತೆ, ಸಿಗೋದು ಊದುಗೊಳವೆ. ಮೂರು ತಿಂಗಳು ಮಸ್ಕತ್‌ನಲ್ಲಿ ಅಕ್ಕನ ಬಾಣಂತನ ಮಾಡಿ ಬಂದಿದ್ದೇ ಬಂದಿದ್ದು, ನಮ್ಮೂರು ಗೆಟ್ಟವಾಡಿ ಚಿಕ್ಕದಾಗಿ ಕಾಣುತ್ತೆ. ಬಾಯಿ ಬಿಟ್ಟು ಹೇಳೋ ಹಾಗಿಲ್ಲ, ಫಾರಿನ್ ಜಂಬ ಅಂತಾರೆ. ಅಲ್ಲಿನ ಎಸಿ ಕೊಟ್ಟ ನೆಗಡಿ ನನ್ನ ಜೊತೆಗೇ ಬಂದಿದೆ. ಮೂಗು ಪೂರ್ತಿ ಬಂದ್.

ಅತ್ತೆ ಹಲಸಿನ ಹಣ್ಣು ಬಿಡಿಸಿಟ್ಟಿದ್ದರು. ನಾನು ಕರೆಯೋದು ಅವ್ವ ಅಂತಲೇ. ಮಂಡಿ ನೋವಿನಲ್ಲೂ ಕೂತು, ಕೈಗೆ ಎಣ್ಣೆ ಸವರಿಕೊಂಡು, ಒಂದೊಂದೇ ತೊಳೆ. ರುಚಿ ಗೊತ್ತಾಗಲಿಲ್ಲ. ಚೆನ್ನಾಗಿದೆ ಅಂದೆ.

ಆಮೇಲೆ ಹೊಳೆಯಿತು... ಮರದಲ್ಲಿ ಹಣ್ಣು ಯಾಕಿತ್ತು? ಪ್ರತಿ ವರ್ಷ ಎಳೆಗಾಯಿ ಇದ್ದಾಗಲೇ ನಾನೇ ನಿಂತು ಕೆಡವಿಸೋದು. ಹಣ್ಣಿನ ವಾಸನೆ ಕಾಡಿಗೆ ಹೋದರೆ ಆನೆ ಬರುತ್ತೆ. ಇವರನ್ನು ಕೇಳಿದರೆ ತಲೆ ಕೆರೆದುಕೊಂಡರು. ಅವ್ವ ಬಿಡಲಿಲ್ಲವಂತೆ, ಸೊಸೆ ಬಂದು ತಿನ್ನಲಿ ಅಂತ. ಕೂಗಾಡಿಬಿಟ್ಟೆ. ಗಂಡನ ಮೇಲೆ ಕೂಗಿದ್ದು, ಕೇಳಿಸಿದ್ದು ಅವ್ವನಿಗೆ.

ಜುಲೈ 5
ಹಿತ್ತಲಲ್ಲಿ ಮರ ಬರಿದು. ಕೊಂಬೆ ಮುರಿದು ಬಿದ್ದಿದೆ. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಮೊರದಗಲ ಹೆಜ್ಜೆ. ನನಗೆ ಏನೂ ಕೇಳಿಸಲೇ ಇಲ್ಲ! ಎಸಿ ಸದ್ದಿನಲ್ಲಿ ಮಲಗಿ ಮಲಗಿ ಕಿವಿಯೂ ಕೆಟ್ಟಿದೆ.
ಒಂಟಿ ಸಲಗ ಅಂದಳು ಕೊಟ್ಟಿಗೆ ಕೆಲಸದ ಕರಿಯಮ್ಮ. ಇದ್ದಿದ್ದೆಲ್ಲ ತಿಂದು ಹೋಯ್ತಲ್ಲ, ಇನ್ನು ಬರಲ್ಲ ಅಂದರು ಇವರು. ಅವ್ವ ಎದ್ದು ತಮ್ಮ ಕೋಣೆಗೆ ಹೋದರು.

ಜುಲೈ 6
ಸೂಟ್‌ಕೇಸ್ ಬಿಚ್ಚಿ ಖರ್ಜೂರ ಹಂಚಿದೆ. ಅವ್ವನ ಕೋಣೆ ಗುಡಿಸಲು ಹೋದರೆ ಬೇಡ ಅಂದರು. ಮಂಚದ ಕೆಳಗೆ ಪೊರಕೆ ಹಾಕಲೇ ಬಿಡಲಿಲ್ಲ. ಮೊನ್ನೆ ಕೂಗಾಡಿದ್ದಕ್ಕೆ ಮುನಿಸು ಇರಬೇಕು.

ಜುಲೈ 9
ಮತ್ತೆ ಬಂದಿತ್ತು. ಮರದ ಹತ್ತಿರ ಹೋಗಿಲ್ಲ. ಹಿಂದಿನ ಗೋಡೆ ಪಕ್ಕದಲ್ಲೇ ನಡೆದು ಅವ್ವನ ಕಿಟಕಿ ಕೆಳಗೆ ನಿಂತಿದೆ. ಸರಳಿನ ಮೇಲೆ ಹಸಿ ಕೆಸರು. ಆ ಕೋಣೆಯದು ಮಣ್ಣಿನ ಗೋಡೆ. ಮುಂದಿನ ಹಜಾರಕ್ಕೆ ಮಾತ್ರ ಸಿಮೆಂಟು. ಹಜಾರದಲ್ಲಿ ಮಲಗಿ ಅಂದರೆ ಅವ್ವ ಒಪ್ಪಲಿಲ್ಲ.
ಅಕ್ಕ ವಿಡಿಯೊ ಕಾಲ್ ಮಾಡಿದ್ದಳು. ಮಗು ನಕ್ಕಿತು. ಇಲ್ಲಿ ಎಲ್ಲ ಆರಾಮು ಅಂದೆ.

ಜುಲೈ 10, ಸಂಜೆ
ಇವರು ಟೊಮೆಟೊ ಹಾಕಿಕೊಂಡು ಚಾಮರಾಜನಗರಕ್ಕೆ ಹೋದವರು ಇನ್ನೂ ಬಂದಿಲ್ಲ. ಕರೆಂಟ್ ಇಲ್ಲ.
ಮೆಣಸಿನಕಾಯಿ ಹುರಿಯುತ್ತಿದ್ದೆ. ಸೀನಿ ಸೀನಿ ಮೂಗು ಬಿಟ್ಟಿತು. ಮೊದಲು ಘಾಟು. ಆಮೇಲೆ... ಹಲಸು. ಘಮ್ ಅಂತ. ಮನೆಯೊಳಗೆ.
ವಾಸನೆ ಹಿಡಿದು ಹೋದೆ. ಅವ್ವನ ಮಂಚದ ಕೆಳಗೆ, ಹುಲ್ಲು ಮುಚ್ಚಿ, ಎರಡು ಹಣ್ಣು.
“ಅವತ್ತು ನಿಂಗೆ ರುಚಿನೇ ಅತ್ಲಿಲ್ಲ ಕಣವ್ವ. ನೆಗ್ಡಿ ಬುಟ್ಮೇಲೆ ತಿನ್ಲಿ ಅಂತ ಮಡಗಿದ್ದೆ.”
ಆನೆ ಬಂದ ಮೇಲೆ ಹೇಳಲು ಭಯವಾಯಿತಂತೆ. ಆನೆಯದಲ್ಲ, ನನ್ನ ಭಯ. ಹೊರಗೆ ಎಸೆದು ಬರೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಹಿತ್ತಲಲ್ಲಿ ಬಾಳೆ ಮುರಿದ ಸದ್ದು.
ಇವರಿಗೆ ಫೋನ್ ಮಾಡಿದೆ. “ಬಾಗ್ಲು ತೆಗೀಬ್ಯಾಡ. ಅಣ್ಣು ಅಲ್ಲೇ ಬುಟ್ಟು, ಅವ್ವನ್ನ ಮುಂದ್ಕೆ ಕರ್ಕೊಂಡು ಸುಮ್ನೆ ಕುಂತ್ಕೊ.” ಪಟಾಕಿ ಹಿಡಿದು ಜನ ಕಳಿಸ್ತೀನಿ ಅಂದರು.

ಕತ್ತಲಾಯಿತು
ಹಜಾರದಲ್ಲಿದ್ದೇವೆ. ನಾನು ಗೋಡೆಗೆ ಒರಗಿ, ಅವ್ವ ಪಕ್ಕದ ಚಾಪೆ ಮೇಲೆ, ವಿಭೂತಿ ಗಟ್ಟಿ ಹಿಡಿದು. ಸದ್ದು ಮಾಡೋ ಹಾಗಿಲ್ಲ. ಅದಕ್ಕೇ ಬರೀತಿದ್ದೇನೆ, ಫೋನಿನ ಬೆಳಕಲ್ಲಿ.
ಹಿಂದಿನ ಕೋಣೆಯಲ್ಲಿ ಮಣ್ಣು ಉದುರುತ್ತಿದೆ. ಸ್ವಲ್ಪ ಸ್ವಲ್ಪವೇ. ನೂಕಿ ನೋಡುತ್ತಿದೆ...
“ಮಡಗಿದೋಳು ನಾನು. ನಾನೇ ಕೊಟ್ಬುಡ್ತೀನಿ” ಅಂದರು ಅವ್ವ. ಸುಮ್ಮನಿರಿ ಅಂದೆ, ಸ್ವಲ್ಪ ಗಡುಸಾಗಿಯೇ.
ಪಟಾಕಿ ಸದ್ದು ಕೇಳುತ್ತಿದೆ. ಸದ್ಯ. ಕಿಟಕಿಯಲ್ಲಿ ಬ್ಯಾಟರಿ ಬೆಳಕೂ ಕಾಣುತ್ತೆ, ಇನ್ನೂ ಕೆರೆ ಏರಿ ಮೇಲೆ. ಬಂದೇ ಬಿಡ್ತಾರೆ. ಅವ್ವನಿಗೆ ಹೇಳೋಣ ಅಂತ ಪಕ್ಕಕ್ಕೆ ತಿರುಗಿದರೆ ಚಾಪೆ ಮೇಲೆ ವಿಭೂತಿ ಗಟ್ಟಿ ಮಾತ್ರ. ಅವ್ವ