ಹೂವಿನ ಸೀರಿ

ಲೇ ಮಾರೆಮ್ಮಾ,

ಈ ಖುಷಿ ನಿನಗ ಹೇಳದ ಇರಾಕ ಆಗವಲ್ದು. ರಾರಾವಿ ಊರಿನ ಬಸುರಿ ಒಬ್ಬಾಕಿ ರಕ್ತದಾಗ ಸಿಫಿಲಿಸ್ ಸಿಕ್ಕಿತ್ತು. ಗಂಡ ತಪಾಸಣಿಗೆ ಒಲ್ಲೆ ಅಂದಿದ್ದ. ನಾನು ನರ್ಸ್ ಸೀರಿ ಬಿಟ್ಟು ಹೂವಿನ ಸೀರಿ ಉಟ್ಟು, ಮೆಣಸಿನಕಾಯಿ ಕೇಳೋ ನೆವದಾಗ ಅವರ ಮನಿಗೆ ಹೋದ್ನಿ. ಮರುದಿನ ಇಬ್ಬರೂ ಬಂದು ಇಂಜೆಕ್ಷನ್ ಮಾಡಿಸ್ಕಂಡ್ರು. ಇವತ್ತು ಕೂಸು ಹುಟ್ಟೇತಿ, ಗುಂಡಗುಂಡಗ ಐತಿ! ರೋಗದ ಗುರುತಿಲ್ಲ ಅಂದ್ರು ಡಾಕ್ಟರು. ಅದರಪ್ಪ ದವಾಖಾನಿಗೆಲ್ಲಾ ಸಕ್ರಿ ಹಂಚಿದ, ವಾಚ್‌ಮನ್‌ಗ ಎರಡು ಸಲ.

ಕುರುಗೋಡಿನಾಗ ನಿನ್ನ ಗಂಡನ್ನ ಇದೇ ತಪಾಸಣಿಗೆ ಕರಿಯಾಕ ಬಂದಾಗ ನಾನು ನರ್ಸ್ ಸೀರಿ ಉಟ್ಟಿದ್ನಿ, ಕೈಯಾಗ ಫೈಲೂ ಇತ್ತು. ಓಣಿ ಮಂದಿಗೆ ಆಡಿಕೊಳ್ಳಾಕ ಅಷ್ಟೇ ಸಾಕಾತು. ವಾರದಾಗ ನಿಮ್ಮ ಬಾಗಲಿಗೆ ಬೀಗ ಬಿತ್ತು.

ಈ ಕಾಗದ ಎಲ್ಲಿಗೆ ಕಳಿಸ್ಲಿ?

ಆ ಹೂವಿನ ಸೀರಿ, ನನ್ನ ಮದುವಿಗೆ ನೀನು ಉಡಿಸಿದ್ದು.